ಪದ ಪರಿಚಯ: ಸ್ಕ್ವಾಡ್

ಕಾಸರಗೋಡಿನಲ್ಲಿ ಚುನಾವಣೆ ಘೋಷಣೆಯಾಯಿತೆಂದರೆ, ಸಂಜೆ ಹೊತ್ತು ಮನೆಯಲ್ಲಿ ಸಿಗದ ಗಂಡಸು ಹೆಂಗಸರ ಬಗ್ಗೆ ಕೇಳಿದಾಗ ಬರುವ ಉತ್ತರ ಒಂದೇ: "ಸ್ಕ್ವಾಡಿಗೆ ಹೋಗಿದ್ದಾರೆ." ಪುತ್ತೂರು, ಸುಳ್ಯದಿಂದ ಬಂದ ನೆಂಟರಿಗೆ ಇದು ಪೊಲೀಸ್ ವಿಷಯವೋ ಎಂದು ಅನುಮಾನ ಬರುತ್ತದೆ. ಹಣ, ಮದ್ಯ ಸಾಗಾಟದ ಮೇಲೆ ಕಣ್ಣಿಡಲು ಚುನಾವಣಾ ಆಯೋಗ ನೇಮಿಸುವ ಫ್ಲೈಯಿಂಗ್ ಸ್ಕ್ವಾಡ್ ಬೇರೆ. ಇಲ್ಲಿ ಹೇಳುತ್ತಿರುವುದು ಒಂದು ಪಕ್ಷದ ಅಥವಾ ಅಭ್ಯರ್ಥಿಯ ಪರವಾಗಿ, ತಮ್ಮದೇ ವಾರ್ಡಿನ ಮನೆಗಳ ಅಂಗಳ ಹತ್ತಿ ಮತ ಕೇಳುವ ನಾಲ್ಕೈದು ಜನರ ಗುಂಪಿನ ವಿಷಯ. ಎಡಪಕ್ಷಗಳ ಎಡರಂಗ, ಕಾಂಗ್ರೆಸ್ ನೇತೃತ್ವದ ಐಕ್ಯರಂಗ, ಬಿಜೆಪಿ ಎಂಬ ಭೇದವಿಲ್ಲದೆ ಕೇರಳದ ಎಲ್ಲ ಪಕ್ಷಗಳೂ ಈ ಪದವನ್ನು ಬಳಸುತ್ತವೆ, ಈ ಕೆಲಸವನ್ನೂ ಮಾಡುತ್ತವೆ. ಮೇಲೆ ಮಂಡಲ, ಅಂದರೆ ವಿಧಾನಸಭಾ ಕ್ಷೇತ್ರದ ಸಮಿತಿ, ಅದರ ಕೆಳಗೆ ಪಂಚಾಯತು ಸಮಿತಿ, ಬೂತ್ ಸಮಿತಿ. ಅದಕ್ಕೂ ಕೆಳಗೆ, ನೆಲಕ್ಕೆ ಕಾಲು ತಾಗುವ ಜಾಗದಲ್ಲಿ, ಸ್ಕ್ವಾಡ್ ಇದೆ.

ಇಷ್ಟು ಚಿಕ್ಕ ಗುಂಪಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಜಿಲ್ಲೆಯ ಉತ್ತರ ತುದಿಯ ಮಂಜೇಶ್ವರ ಮಂಡಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತ ಬಿದ್ದವು. ಅಂತರ 89. ಮಂಡಲದ ಬೂತುಗಳ ಸಂಖ್ಯೆ ನೂರು ದಾಟುತ್ತದೆ. ಹಾಗಾಗಿ ಬೂತಿಗೊಂದು ಮತದ ಲೆಕ್ಕವೂ ಅಲ್ಲ ಅದು. 2021ರಲ್ಲಿ ಅದೇ ಸುರೇಂದ್ರನ್ ಅವರೆದುರು ಲೀಗಿನ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. ಗೆದ್ದವರ ಕಡೆಯಲ್ಲೂ ಸೋತವರ ಕಡೆಯಲ್ಲೂ "ಆ ಎರಡು ಮನೆಗೆ ಇನ್ನೊಮ್ಮೆ ಹೋಗಬೇಕಿತ್ತು" ಎಂದು ಲೆಕ್ಕ ಹಾಕುವವರು ಇದ್ದೇ ಇದ್ದಾರೆ. ಇಂಥ ಮಂಡಲದಲ್ಲಿ ಮೈಕಿನ ಭಾಷಣಕ್ಕಿಂತ ಅಂಗಳದ ಮಾತೇ ಹೆಚ್ಚು ದೂರ ಹೋಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಸ್ಕ್ವಾಡ್ ಹೋಗುವುದೆಂದರೆ ಎಂತ ಮಾಡುವುದು? ಎಣ್ಮಕಜೆ ಪಂಚಾಯತಿನ ಪಡ್ರೆ ಕಡೆಯ ಒಂದು ಸಂಜೆಯನ್ನು ತೆಗೆದುಕೊಳ್ಳಿ. ಅಲ್ಲಿ ಮನೆಗಳು ಸಾಲಾಗಿಲ್ಲ; ಗುಡ್ಡದ ಮೇಲೊಂದು, ತೋಟದ ಕೆಳಗೊಂದು. ಗದ್ದೆಯ ಕಟ್ಟಪುಣಿಯಲ್ಲಿ ನಡೆದು, ಅಡಿಕೆ ಮರದ ಸಂಕ ದಾಟಿ, ನಾಯಿ ಬೊಗಳುವ ಅಂಗಳಕ್ಕೆ ನಾಲ್ಕು ಜನ ಬಂದಿದ್ದಾರೆ.

"ಯಾರದು? ಬನ್ನಿ, ಕೂತುಕೊಳ್ಳಿ. ಆಸರಿಗೆ ಎಂತ ಬೇಕು?"

"ನೀರು ಸಾಕು ಅಜ್ಜಿ."

ಬೆಲ್ಲ, ನೀರು ಬರುತ್ತದೆ. "ನೀನು ಯಾರ ಮಗಳು?"

"ಕೆಳಗಿನ ತೋಟದ ಮನೆಯ ಸೊಸೆ ಅಜ್ಜಿ. ಮೊನ್ನೆ ಅಂಗನವಾಡಿಯಲ್ಲಿ ಸಿಕ್ಕಿದ್ದೆನಲ್ಲ."

"ಹೌದಾ, ಗೊತ್ತಾಯಿತು. ಓಟು ಕೊಡಬಹುದು ಮಗಾ, ಆದರೆ ಅಷ್ಟು ದೂರ ಬರುವುದು ಹೇಗೆ? ಕಾಲು ಕೇಳುವುದಿಲ್ಲ."

ಇಲ್ಲಿ ಸ್ಕ್ವಾಡಿನ ನಿಜವಾದ ಕೆಲಸ ಶುರುವಾಗುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ 85 ದಾಟಿದವರಿಗೂ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಮನೆಯಲ್ಲೇ ಮತ ಹಾಕುವ ಅವಕಾಶವಿದೆ. ಅದಕ್ಕೆ 12ಡಿ ನಮೂನೆ ತುಂಬಿ, ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಅಜ್ಜಿಯ ವಯಸ್ಸು ಕೇಳಿ, ಆ ಮನೆಗೆ ಬೂತ್ ಮಟ್ಟದ ಅಧಿಕಾರಿ ನಮೂನೆ ತಂದುಕೊಟ್ಟಿದ್ದಾರೋ ಇಲ್ಲವೋ ವಿಚಾರಿಸಿ, ಆ ಐದು ದಿನದೊಳಗೆ ನೆನಪಿಸಿದ ಸ್ಕ್ವಾಡ್ ಒಂದು ಮತವನ್ನು ಉಳಿಸಿತು. ಕರಪತ್ರ ಕೊಟ್ಟು, ಚಿಹ್ನೆ ತೋರಿಸಿ, ಕೈಮುಗಿದು ಮುಂದಿನ ಮನೆಗೆ ನಡೆದ ಸ್ಕ್ವಾಡ್ ಆ ಮತವನ್ನು ಕಳಕೊಂಡಿತು. ಅಜ್ಜಿ ಯಾರಿಗೆ ಹಾಕುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ಆದರೆ ತನಗಾಗಿ ಇಷ್ಟು ಓಡಾಡಿದವರನ್ನು ಯಾರೂ ಮರೆಯುವುದಿಲ್ಲ.

ಸಾಮಾನ್ಯವಾಗಿ ಸ್ಕ್ವಾಡ್ ಒಂದೊಂದು ಮನೆಗೆ ಮೂರು ಸಲ ಹೋಗುತ್ತದೆ: ಮೊದಲು ಪರಿಚಯಕ್ಕೆ, ಮತ್ತೆ ಮನವಿ ಪತ್ರದೊಂದಿಗೆ, ಕೊನೆಗೆ ಬೂತು, ಕ್ರಮಸಂಖ್ಯೆ ಬರೆದ ಸ್ಲಿಪ್ ಕೊಡಲು. ಕೈಯಲ್ಲಿ ಮತದಾರರ ಪಟ್ಟಿಯ ಪುಟಗಳು, ಜೊತೆಗೊಂದು ಪೆನ್ಸಿಲ್. ಮನೆಯಿಂದ ಹೊರಬಂದು, ಗೇಟು ದಾಟಿದ ಮೇಲೆ, ಒಂದೊಂದು ಹೆಸರಿನ ಮುಂದೆ ಗುರುತು ಬೀಳುತ್ತದೆ: ನಮ್ಮವರು, ಅವರ ಕಡೆಯವರು, ಡೌಟು, ಊರಲ್ಲಿಲ್ಲ, ತೀರಿಕೊಂಡವರು, ಮದುವೆಯಾಗಿ ಹೋದವರು. ಕಾಸರಗೋಡಿನಲ್ಲಿ 'ಊರಲ್ಲಿಲ್ಲ' ಎಂಬ ಸಾಲು ಉದ್ದ. ದುಬೈ, ಅಬುಧಾಬಿ, ಕತಾರ್, ಮಂಗಳೂರಿನ ಹಾಸ್ಟೆಲು, ಬೆಂಗಳೂರಿನ ಕೆಲಸ. ಪಟ್ಟಿಯಲ್ಲಿ ಹೆಸರಿರುವ ಅನಿವಾಸಿ ಮತದಾರ ತಾನೇ ಬೂತಿಗೆ ಬಂದು ಹಾಕಬೇಕು, ಬೇರೆ ದಾರಿಯಿಲ್ಲ. ಹಾಗಾಗಿ "ಮಗ ಯಾವಾಗ ಬರುತ್ತಾನೆ?" ಎಂಬ ಪ್ರಶ್ನೆಯನ್ನು ತಾಯಿಯ ಹತ್ತಿರ ಆತ್ಮೀಯವಾಗಿ ಕೇಳಬಲ್ಲವರು ಗುಂಪಿನಲ್ಲಿ ಒಬ್ಬರಾದರೂ ಇರಬೇಕು.

ಭಾಷೆಯ ವಿಷಯ ಇಲ್ಲಿ ಬೇರೆಲ್ಲ ಕಡೆಗಿಂತ ಮುಖ್ಯ. ಉಪ್ಪಳದ ಒಂದೇ ರಸ್ತೆಯಲ್ಲಿ ಬ್ಯಾರಿ, ಮಲಯಾಳ, ತುಳು, ಉರ್ದು, ಕೊಂಕಣಿ ಮನೆಗಳು ಸಿಗುತ್ತವೆ. ಪೈವಳಿಕೆ, ವರ್ಕಾಡಿ, ಮೀಂಜದ ಒಳಗೆ ಹೋದರೆ ತುಳು, ಕನ್ನಡ, ಹವ್ಯಕ, ಮರಾಠಿ. ಜಿಲ್ಲಾ ಕೇಂದ್ರದಿಂದ ಬಂದ ನಾಯಕರು ಮಲಯಾಳದಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಅಂಗಳದಲ್ಲಿ ಕೂತ ಹಿರಿಯರು ತಲೆದೂಗಿ ಸುಮ್ಮನಾಗುತ್ತಾರೆ. ಮನೆಯ ಭಾಷೆ ಬಲ್ಲ ಒಬ್ಬ ಹುಡುಗಿ ಎರಡು ಮಾತು ಆಡಿದರೆ ಅವರೇ ಬಾಯಿ ಬಿಡುತ್ತಾರೆ: ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದದ್ದು, ಕಚೇರಿಯ ಅರ್ಜಿ ಮಲಯಾಳದಲ್ಲಿ ಮಾತ್ರ ಇರುವುದು, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಮಗುವಿನ ಹೆಸರು ಸೇರದೆ ಹೋದದ್ದು. ಇಂಥ ಮಾತು ಸಾರ್ವಜನಿಕ ಸಭೆಯಲ್ಲಿ ಹೊರಬರುವುದಿಲ್ಲ.

ಹಾಗಾದರೆ ಸಂಬಳವಿಲ್ಲದ ಈ ಕೆಲಸಕ್ಕೆ ಜನ ಬರುವುದು ಹೇಗೆ? ಎಲ್ಲ ಪಕ್ಷಗಳ ಬೂತ್ ಕಾರ್ಯದರ್ಶಿಗಳೂ ಕೇಳಿಕೊಳ್ಳುವ ಪ್ರಶ್ನೆ ಇದು. ಹಲವರು ಉತ್ತರವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ದೊಡ್ಡ ಕನ್ವೆನ್ಷನ್ ಮಾಡಿ, ಹುರುಪಿನ ಭಾಷಣ ಮಾಡಿಸಿ, "ಎಲ್ಲರೂ ರಂಗಕ್ಕಿಳಿಯಬೇಕು" ಎಂದರೆ ಚಪ್ಪಾಳೆ ಬೀಳುತ್ತದೆ. ಮರುದಿನ ಸಂಜೆ ನಾಲ್ಕೂವರೆಗೆ ರಿಕ್ಷಾ ಸ್ಟ್ಯಾಂಡಿನ ಹತ್ತಿರ ಯಾರೂ ಇರುವುದಿಲ್ಲ. 'ಎಲ್ಲರೂ' ಎಂದು ಕರೆದರೆ ಯಾರನ್ನೂ ಕರೆದ ಹಾಗಾಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶಕ್ಕೂ ಇದೇ ಗತಿ.

ಜನ ಬರುವುದು ಗುರುತಿನವರು ಮನೆಗೆ ಬಂದು, ಹೆಸರು ಹಿಡಿದು, ಇಂಥ ದಿನ, ಇಷ್ಟು ಹೊತ್ತು, ಇಂಥ ಮನೆಗಳು ಎಂದು ಕೇಳಿದಾಗ. "ಅಕ್ಕ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಬರುತ್ತೀರಾ? ನಿಮ್ಮ ಅಡ್ಡರಸ್ತೆಯ ಮನೆಗಳು ಮಾತ್ರ. ನಾನೂ ಜೊತೆಗಿರುತ್ತೇನೆ." ಹೀಗೆ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕೆಲಸಕ್ಕೊಂದು ಗಡಿ ಇದೆ, ಜೊತೆಗೆ ಜನವಿದ್ದಾರೆ, ಹೋಗಬೇಕಾದ್ದು ಗೊತ್ತಿರುವ ಮನೆಗಳಿಗೆ. ಲೆಕ್ಕವೂ ಇದಕ್ಕೆ ಹೊಂದುತ್ತದೆ. ಒಂದು ಬೂತಿಗೆ 1,200ಕ್ಕಿಂತ ಹೆಚ್ಚು ಮತದಾರರು ಬೇಡವೆಂದು ಚುನಾವಣಾ ಆಯೋಗ 2025ರಲ್ಲಿ ತೀರ್ಮಾನಿಸಿತು. ಮೊದಲು ಈ ಮಿತಿ 1,500 ಇತ್ತು. ಮನೆಗೆ ನಾಲ್ಕು ಮತವೆಂದರೆ ಸುಮಾರು ಮುನ್ನೂರು ಮನೆ. ಹತ್ತು ಸ್ಕ್ವಾಡ್ ಮಾಡಿದರೆ ತಲಾ ಮೂವತ್ತು. ಮೂವತ್ತು ಮನೆ ಯಾರಿಗೂ ಹೆದರಿಕೆ ಹುಟ್ಟಿಸುವ ಸಂಖ್ಯೆಯಲ್ಲ.

ಯಾರನ್ನು ಕೇಳಬೇಕು ಎಂಬುದಕ್ಕೂ ಊರಲ್ಲೇ ಉತ್ತರವಿದೆ. ಬಯಲಾಟ ಬಂದಾಗ ಚಂದಾ ಎತ್ತಿ ಪೈಸೆ ಪೈಸೆ ಲೆಕ್ಕ ಕೊಟ್ಟವರು, ಭಜನಾ ಮಂದಿರದ, ಮಸೀದಿಯ, ಕ್ಲಬ್ಬಿನ ಕೆಲಸಕ್ಕೆ ಕರೆಯದೆ ಬರುವವರು, ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ ದುಡಿದವರು. ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀ 1998ರಲ್ಲಿ ಆರಂಭವಾದ ಮೇಲೆ ವಾರದ ಸಭೆ, ಹಾಜರಿ, ಸಾಲದ ಪುಸ್ತಕ ನಡೆಸಿ ಪಳಗಿದ ಹೆಂಗಸರು ಎಲ್ಲ ವಾರ್ಡುಗಳಲ್ಲೂ ಇದ್ದಾರೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೆ ಅವರಲ್ಲೇ ಅನೇಕರು ಪಂಚಾಯತು ಸದಸ್ಯೆಯರಾದರು. ಮಹಿಳಾ ಸ್ಕ್ವಾಡ್ ಇಲ್ಲದ ಬೂತು ಅರ್ಧ ಬೂತು ಎಂದೇ ಹೇಳುತ್ತೇನೆ. ಅಡುಗೆ ಮನೆಯವರೆಗೆ ಹೋಗಿ ಮಾತಾಡಬಲ್ಲವರು ಅವರೇ. ಆದರೆ ಅವರನ್ನು ಕರಪತ್ರ ಹಂಚಲು ಮಾತ್ರ ಕರೆದು, ಯಾವ ಮನೆಗೆ ಯಾರು ಹೋಗಬೇಕೆಂಬ ತೀರ್ಮಾನವನ್ನು ಗಂಡಸರೇ ರಾತ್ರಿ ಕೂತು ಮಾಡುವ ಪದ್ಧತಿ ಹಲವೆಡೆ ಇನ್ನೂ ಇದೆ. ಅದು ನಿಲ್ಲಬೇಕು.

ಈ ನೆಲಕ್ಕೆ ಮನೆಮನೆ ಸಂಘಟನೆ ಹೊಸದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ, ಅದು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯ ಕೆಲಸ ಊರೂರಲ್ಲಿ ಬೇರುಬಿಟ್ಟಿತ್ತು. 1957ರಲ್ಲಿ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ತಮ್ಮ ಮನೆಮಾತಿನ ಪ್ರಶ್ನೆ ಎಂದಾಗ ಯಾರೂ ದುಡ್ಡು ಕೇಳದೆ ನಡೆದ ಕಾಲ ಅದು. ಈಗಲೂ ಅಷ್ಟೆ: ಪಕ್ಷಕ್ಕಾಗಿ ಎರಡು ಗಂಟೆ ಕೊಡಲು ಹಿಂಜರಿಯುವವರು ತಮ್ಮ ಮಕ್ಕಳ ಶಾಲೆಗಾಗಿ, ತಮ್ಮ ರಸ್ತೆಗಾಗಿ ದಿನವಿಡೀ ತಿರುಗುತ್ತಾರೆ. ಒಬ್ಬರನ್ನು ಸ್ಕ್ವಾಡಿಗೆ ಕರೆಯುವ ಮೊದಲು ಅವರ ಮನಸ್ಸಿನಲ್ಲಿರುವ ಆ ಒಂದು ವಿಷಯ ಯಾವುದೆಂದು ಕೇಳಿ ತಿಳಿದುಕೊಳ್ಳುವುದು ಬೂತ್ ಕಾರ್ಯದರ್ಶಿಯ ಮೊದಲ ಪಾಠ.

ಸ್ಕ್ವಾಡ್ ಮುರಿಯುವುದೂ ಇಲ್ಲೇ. ಮನೆಯವರು ಹೇಳಿದ ದೂರನ್ನು ಬರೆದುಕೊಂಡು ಹೋಗಿ, ಎರಡನೆಯ ಸಲ ಬರುವಾಗ ಉತ್ತರ ತರದಿದ್ದರೆ ಕಾರ್ಯಕರ್ತರಿಗೆ ಆ ಅಂಗಳ ಹತ್ತಲು ಮುಖವಿರುವುದಿಲ್ಲ. "ಕೇಳಿದೆವು ಮಾವ, ಈ ವರ್ಷ ಆಗುವುದಿಲ್ಲವಂತೆ" ಎಂಬ ಉತ್ತರವಾದರೂ ಬೇಕು. ನಾಯಕರು ಫೋಟೋ ತೆಗೆಯುವಾಗ ಮಾತ್ರ ಬಂದು ಹೋದರೆ, ಗುಡ್ಡ ಹತ್ತಿದವರ ಹೆಸರನ್ನು ಸಭೆಯಲ್ಲಿ ಯಾರೂ ಎತ್ತದಿದ್ದರೆ, ಮುಂದಿನ ಸಲ ಅವರು ಬರುವುದಿಲ್ಲ. ದುಡ್ಡು ಕೊಟ್ಟು ಕರೆದುಕೊಂಡು ಬಂದವರಂತೂ ಮೂರನೆಯ ಮನೆಯಲ್ಲೇ ಗಡಿಯಾರ ನೋಡುತ್ತಾರೆ. ದಿನದ ಕೊನೆಗೆ ಎಲ್ಲರೂ ಒಂದೆಡೆ ಸೇರಿ, ಚಹಾ ಕುಡಿಯುತ್ತಾ ಪಟ್ಟಿಯ ಗುರುತುಗಳನ್ನು ಓದಿ ಹೇಳುವ ಹದಿನೈದು ನಿಮಿಷವಿದೆಯಲ್ಲ, ಅದನ್ನು ಬಿಡಬಾರದು. ತಾನು ನಡೆದದ್ದು ಎಲ್ಲೋ ಲೆಕ್ಕಕ್ಕೆ ಸೇರಿತು ಎಂದು ಗೊತ್ತಾದವರು ಮರುದಿನ ತಾವಾಗಿಯೇ ಬರುತ್ತಾರೆ.

ಕಾನೂನಿನ ನಾಲ್ಕು ಮಾತು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು. ಮತದಾರರಿಗೆ ಕೊಡುವ ಸ್ಲಿಪ್ ಬರಿಯ ಬಿಳಿ ಕಾಗದದ್ದಾಗಿರಬೇಕು, ಅದರಲ್ಲಿ ಪಕ್ಷದ ಹೆಸರು, ಚಿಹ್ನೆ, ಅಭ್ಯರ್ಥಿಯ ಹೆಸರು ಇರಬಾರದು. ದೇವಸ್ಥಾನ, ಮಸೀದಿ, ಇಗರ್ಜಿಗಳನ್ನು ಪ್ರಚಾರದ ವೇದಿಕೆ ಮಾಡುವಂತಿಲ್ಲ. ಅಲ್ಲಿ ಪರಿಚಯವಾದವರನ್ನು ಅವರ ಮನೆಯಲ್ಲಿ ಕಾಣಬಹುದು. ಮತದಾನದ ದಿನ ಬೂತಿನ 100 ಮೀಟರ್ ಒಳಗೆ ಮತ ಕೇಳುವುದು ಅಪರಾಧ. ಮತದಾರರನ್ನು ಬಾಡಿಗೆ ಜೀಪಿನಲ್ಲಿ ಪುಕ್ಕಟೆ ಕರೆತರುವುದು ಉಪಕಾರದಂತೆ ಕಂಡರೂ ಕಾನೂನಿನ ಕಣ್ಣಿಗೆ ಭ್ರಷ್ಟಾಚಾರ. ಹಣ, ಮದ್ಯದ ಮಾತಂತೂ ಎತ್ತಲೇಬಾರದು.

ಮತದಾನದ ದಿನ ಸ್ಕ್ವಾಡ್ ಎರಡಾಗುತ್ತದೆ. ಒಬ್ಬರು ಏಜೆಂಟಾಗಿ ಬೂತಿನೊಳಗೆ. ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಯಂತ್ರ ಪರೀಕ್ಷಿಸಲು ನಡೆಯುವ ಅಣಕು ಮತದಾನ ನೋಡಲು ಅವರು ಕತ್ತಲಿರುವಾಗಲೇ ಮನೆ ಬಿಡಬೇಕು. ಉಳಿದವರು 100 ಮೀಟರ್ ಆಚೆ, ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಪಟ್ಟಿಯಲ್ಲಿ ಟಿಕ್ ಹಾಕುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಟಿಕ್ ಬೀಳದ ಹೆಸರುಗಳನ್ನು ಹಿಡಿದು ಮತ್ತೆ ಗುಡ್ಡ ಹತ್ತುವವರು ಬೇಕು. ಸಂಜೆ ಮುಗಿಯುವಾಗ ಏಜೆಂಟ್ 17ಸಿ ನಮೂನೆಯ ಪ್ರತಿ ಕೇಳಿ ಪಡೆಯಬೇಕು. ಆ ಬೂತಿನಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕ ಅದರಲ್ಲಿರುತ್ತದೆ. ಎಣಿಕೆಯ ದಿನ ತಾಳೆ ನೋಡಲು ಅದೇ ಆಧಾರ.

ಎಣಿಕೆ ಮುಗಿದ ಮೇಲೆ ಹೆಚ್ಚಿನ ಕಡೆ ಪಟ್ಟಿ ರದ್ದಿಗೆ ಹೋಗುತ್ತದೆ. ಹಾಗೆ ಮಾಡದಿರಿ. 2025ರ ನವೆಂಬರ್ 4ರಂದು ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ, ಗುರುತು ಹಾಕಿದ ಹಳೆಯ ಪುಟಗಳಿದ್ದ ಬೂತುಗಳಲ್ಲಿ ಪಕ್ಷಗಳ ಬೂತ್ ಮಟ್ಟದ ಏಜೆಂಟರಿಗೆ ಅರ್ಧ ಕೆಲಸ ಮುಗಿದೇ ಇತ್ತು: ಯಾರು ತೀರಿಕೊಂಡರು, ಯಾರು ಮನೆ ಬದಲಿಸಿದರು ಎಂಬುದು ಅದರಲ್ಲೇ ಇತ್ತು. ಹದಿನೇಳು ತುಂಬಿದವರು ಪಟ್ಟಿಗೆ ಹೆಸರು ಸೇರಿಸುವ 6ನೇ ನಮೂನೆಯನ್ನು ಮುಂಗಡವಾಗಿ ಕೊಡಬಹುದು. ಹದಿನೆಂಟು ತುಂಬುವುದನ್ನು ಲೆಕ್ಕ ಹಿಡಿಯಲು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹೊಸದಾಗಿ ಸೇರಿದ ಕಾರ್ಯಕರ್ತೆಗೆ ಚುನಾವಣೆಯಿಲ್ಲದ ತಿಂಗಳಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ: ತನ್ನ ಮೂವತ್ತು ಮನೆಗಳಲ್ಲಿ ಈ ವರ್ಷ ಹದಿನೆಂಟಾಗುವವರು ಯಾರ್‍ಯಾರು ಎಂದು ಬರೆದು, ಅವರ ಹೆಸರು ಪಟ್ಟಿಗೆ ಸೇರುವವರೆಗೆ ಹಿಂದೆ ಬೀಳುವುದು.