ಕುರಿ ಹಟ್ಟಿ ಒಂದೇ ಕಡೆ ಕೂರಬಾರದು
ಹಿಂಗಾರಿ ಜೋಳ, ಕಡಲೆ ರಾಶಿ ಮುಗಿದ ಮೇಲೆ ಗದಗ, ಕೊಪ್ಪಳ, ರಾಯಚೂರು ಕಡೆ ಎರೆಹೊಲಗಳಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ರಾತ್ರಿ ಸುತ್ತ ಬಲೆ ಕಟ್ಟಿ ಹಟ್ಟಿ ಮಾಡಿ ಕುರಿ ನಿಲ್ಲಿಸುವುದು ಹಳೇ ರೂಢಿ. ಕುರಿಗಾರರಿಗೆ ಕಾಳೋ ರೊಕ್ಕವೋ ಸಿಗುತ್ತದೆ, ಹೊಲಕ್ಕೆ ಗೊಬ್ಬರ. ಪಶುವೈದ್ಯನಾಗಿ ನಾನು ಹೋದಲ್ಲೆಲ್ಲ ಹೊಲದವರು ಕೇಳುತ್ತಾರೆ, "ಡಾಕ್ಟ್ರೇ, ಎಷ್ಟು ರಾತ್ರಿ ನಿಲ್ಲಿಸಿದ್ರ ಸಾಕ್ರೀ?" ಹಟ್ಟಿ ಎಷ್ಟು ಸಲ ಜಾಗ ಬದಲಿಸಿತು ಅನ್ನೋದನ್ನು ಮೊದಲು ನೋಡಿ ಅಂತೀನಿ.

ಒಣಗಿದ ಕುರಿ ಹಿಕ್ಕೆಯಲ್ಲಿ ಸುಮಾರು ಶೇ. 3ರಷ್ಟು ಸಾರಜನಕ ಇರುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5 ಇದ್ದರೆ ಹೆಚ್ಚು. ಅದಕ್ಕಿಂತ ದೊಡ್ಡ ಲಾಭ ಉಚ್ಚೆಯದು. ತಿಪ್ಪೆಯಿಂದ ಹೇರಿ ತರುವ ಗೊಬ್ಬರದಲ್ಲಿ ಅದು ಬಹುಪಾಲು ಹೋಗಿಬಿಟ್ಟಿರುತ್ತದೆ. ಹಟ್ಟಿಯಲ್ಲಿ ನೇರ ಮಣ್ಣಿಗೇ ಇಳಿಯುತ್ತದೆ.

ಆದರೆ ಬಲೆ ಕಿತ್ತು ಸರಿಸಲು ಬೇಸರಪಟ್ಟು ನಾಲ್ಕೈದು ರಾತ್ರಿ ಅಲ್ಲೇ ಬಿಟ್ಟರೆ, ಮುಂದಿನ ಬೆಳೆಯೇ ಲೆಕ್ಕ ತೋರಿಸುತ್ತದೆ. ಹಟ್ಟಿ ಇದ್ದಷ್ಟು ಜಾಗದಲ್ಲಿ ಜೋಳ ಕಪ್ಪು ಹಸಿರಾಗಿ ಎದ್ದು, ಗಾಳಿ ಬಂದರೆ ನೆಲ ಹಿಡಿಯುತ್ತದೆ. ಹತ್ತು ಹೆಜ್ಜೆ ಆಚೆ ಪೈರು ಬಿಳಿಚಿಕೊಂಡಿರುತ್ತದೆ. ಹಸಿ ಹಿಕ್ಕೆ, ಉಚ್ಚೆಯ ಮೇಲೇ ನಿಂತ ಕುರಿಗಳಿಗೆ ಗೊರಸು ಕೊಳೆಯುವ ಕಾಟ ಬೇರೆ. ಮೇಲಿನ ಬದುವಿನಿಂದ ಶುರುಮಾಡಿ ಸಾಲು ಹಿಡಿದು ಕೆಳಗೆ ಬನ್ನಿ. ದಿನಾ ಸರಿಸಿ, ಆಗದಿದ್ದರೆ ಎರಡು ದಿನಕ್ಕಾದರೂ. ಮಣ್ಣು ತೆಳುವಾದ ಕಡೆ ಬೇಕಾದರೆ ಒಂದು ರಾತ್ರಿ ಜಾಸ್ತಿ ಇರಲಿ.

ಬೆಳಿಗ್ಗೆ ಹಟ್ಟಿ ಎದ್ದ ಜಾಗದಲ್ಲಿ ಮೂಗಿಗೆ ಘಾಟು ಹೊಡೆಯುತ್ತದಲ್ವಾ, ಅದು ಅಮೋನಿಯ. ನೀವು ದುಡ್ಡು ಕೊಟ್ಟ ಸಾರಜನಕವೇ ಗಾಳಿಗೆ ಹೋಗುತ್ತಿದೆ. ಅವತ್ತೇ ಮೇಲ್ಮಣ್ಣಿಗಷ್ಟೇ ತಾಗುವಂತೆ ಕುಂಟೆ ಹೊಡೆದು ಮಣ್ಣಲ್ಲಿ ಬೆರೆಸಿ. ಆಳವಾಗಿ ನೇಗಿಲು ಹೊಡೆಯುವುದು ಬೇಡ.

ಮಳೆ ಬಿತ್ತು ಅಂದರೆ ಕುರಿಗಳನ್ನು ಎರೆಹೊಲದಿಂದ ಎಬ್ಬಿಸಿ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಕಳಿಸಿ. ಹಸಿ ಎರೆಮಣ್ಣು ಗೊರಸಿಗೆ ಸಿಕ್ಕರೆ ಒತ್ತಿ ಗಟ್ಟಿಯಾಗುತ್ತದೆ.

ಆ ಮಳೆಗೇ ಜೋಳದ ಕೂಳೆ, ಅಂದರೆ ಕೊಯ್ದ ಮೇಲೆ ಉಳಿದ ಬುಡ, ಚಿಗುರುತ್ತದೆ. ನನಗೆ ನಿಜವಾಗಿ ಭಯ ಇರೋದು ಅದರ ಬಗ್ಗೆ. ಆ ಎಳೆ ಚಿಗುರಿನಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಹಸಿದ ಕುರಿ ಒಂದಿಷ್ಟು ಮೇಯ್ದರೂ ಸಾಕು, ಏದುಸಿರು ಬಿಟ್ಟು, ತೂರಾಡಿ, ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ. ಹೈಪೋ (ಸೋಡಿಯಂ ಥಯೋಸಲ್ಫೇಟ್) ಇಂಜೆಕ್ಷನ್‌ನಿಂದ ಉಳಿಸಬಹುದು, ಆದರೆ ನಾವು ಬಂದು ಮುಟ್ಟುವಷ್ಟು ಸಮಯ ಸಿಗುವುದು ಅಪರೂಪ. ಚಿಗುರಿದ ಕೂಳೆಗೆ ಕುರಿ ಬಿಡಲೇಬೇಡಿ. ರಾಶಿ ಮಾಡಿದ ಕಣದಲ್ಲಿ ಉದುರಿದ ಕಾಳನ್ನೂ ಮೊದಲೇ ಗುಡಿಸಿ ತೆಗೆಯಿರಿ. ಕಾಳು ಗಬಗಬ ತಿಂದ ಕುರಿಗಳಿಗೆ ಹೊಟ್ಟೆ ಉಬ್ಬರ, ಕರುಳು ಬೇನೆ ಬರುತ್ತದೆ. ಕರುಳು ಬೇನೆಗೆ ಲಸಿಕೆ ಇದೆ. ಹಾಕಿಸಿದ್ದಾರಾ ಅಂತ ಕುರಿಗಾರರನ್ನು ಕೇಳಿಯೇ ಹೊಲಕ್ಕೆ ಕರೆಯಿರಿ. ಪಕ್ಕದ ಹೊಲದಲ್ಲಿ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆದಿದ್ದರೆ ಅದನ್ನು ನೀವೇ ಮುಂಚೆ ಅವರಿಗೆ ತಿಳಿಸಿ.