ವಲಸೆ ನೀತಿ, ಗಡಿ ಕಾವಲು ಮತ್ತು ನೆರೆಯ ದೇಶಗಳು: ಒಂದು ಅಧ್ಯಯನ ಟಿಪ್ಪಣಿ

ಯಾದಗಿರಿ, ಸುರಪುರ, ಶಹಾಪುರದ ಕಡೆಯಿಂದ ಗುಳೆ ಹೋಗುವ ಕುಟುಂಬಗಳು ತೆಲಂಗಾಣದ ಅಥವಾ ಮಹಾರಾಷ್ಟ್ರದ ಗಡಿ ದಾಟುವಾಗ ಯಾರ ಅನುಮತಿಯನ್ನೂ ಪಡೆಯಬೇಕಿಲ್ಲ. ದೇಶದೊಳಗೆ ಎಲ್ಲಿಗಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ದೇಶದ ಒಳಗೆ ಬರುವುದು, ಹೊರಹಾಕುವುದು, ಪಾಸ್‌ಪೋರ್ಟ್ ಮತ್ತು ವೀಸಾ ಮಾತ್ರ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 19ನೇ ನಮೂದಿಗೆ ಸೇರಿವೆ. ಸಂಖ್ಯೆ ಒಂದೇ ಆಗಿರುವುದರಿಂದ ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗದಂತೆ ನೋಡಿಕೊಳ್ಳಬೇಕು.

1946ರ ವಿದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಗಡಿ ನಿಯಂತ್ರಣ ಗಡಿಯಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಈ ಕಾಯ್ದೆಯೇ ಸಾಕ್ಷಿ: ಕಲಬುರಗಿಯ ಲಾಡ್ಜ್, ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ತಮ್ಮಲ್ಲಿರುವ ವಿದೇಶಿಯರ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಕೊಡಬೇಕು.

ಕಾನೂನು ಒಂದೇ ಆದರೂ ಎಲ್ಲ ಗಡಿಗಳೂ ಒಂದೇ ಬಗೆಯವಲ್ಲ. ನೇಪಾಳದೊಂದಿಗಿನ 1,751 ಕಿ.ಮೀ. ಗಡಿಯನ್ನು ಸಶಸ್ತ್ರ ಸೀಮಾ ಬಲ ಕಾಯುತ್ತದೆ. 1950ರ ಒಪ್ಪಂದದ ಬಲದಿಂದ ಎರಡೂ ಕಡೆಯವರು ವೀಸಾ ಇಲ್ಲದೆ ಓಡಾಡುತ್ತಾರೆ. ಬಾಂಗ್ಲಾದೇಶದ ಗಡಿಯಲ್ಲಿ ಬೇಲಿಯೇ ರಾಜತಾಂತ್ರಿಕ ವಿವಾದವಾಗಿದೆ. ಶೂನ್ಯ ರೇಖೆಯಿಂದ (ಅಂದರೆ ನಿಜವಾದ ಗಡಿರೇಖೆಯಿಂದ) 150 ಗಜದೊಳಗೆ ರಕ್ಷಣಾ ಸ್ವರೂಪದ ನಿರ್ಮಾಣ ಕೂಡದು ಎಂಬ 1975ರ ಮಾರ್ಗಸೂಚಿಗೆ ಬೇಲಿ ಒಳಪಡುತ್ತದೆಯೇ ಎಂಬ ಪ್ರಶ್ನೆಯಲ್ಲಿ 2025ರ ಜನವರಿಯಲ್ಲಿ ಢಾಕಾ ಭಾರತದ ಹೈಕಮಿಷನರ್‌ರನ್ನು ಕರೆಸಿಕೊಂಡಿತು; ಮರುದಿನವೇ ದೆಹಲಿಯೂ ಬಾಂಗ್ಲಾದೇಶದ ರಾಜತಾಂತ್ರಿಕರನ್ನು ಕರೆಸಿತು.

ಬೀದರ್‌ನ ನಾನಕ್ ಝೀರಾಕ್ಕೆ ಬರುವ ಸಿಖ್ ಯಾತ್ರಿಕರಿಗೆ ಕರ್ತಾರಪುರವೂ ಪವಿತ್ರ ಸ್ಥಳ, ಆದರೆ ಅದು ಪಾಕಿಸ್ತಾನದಲ್ಲಿದೆ. 2019ರ ನವೆಂಬರ್ 9ರಂದು ತೆರೆದ ಕಾರಿಡಾರ್ ಮೂಲಕ ಭಾರತೀಯರು ವೀಸಾ ಇಲ್ಲದೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬಹುದಿತ್ತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚಿತು, ಮೇ ತಿಂಗಳಲ್ಲಿ ಈ ಕಾರಿಡಾರ್ ಕೂಡ. ಸಂಬಂಧ ಕೆಟ್ಟಾಗ ಮೊದಲು ಪೆಟ್ಟು ಬೀಳುವುದು ಸಾಮಾನ್ಯರ ಓಡಾಟಕ್ಕೆ. ಅದರಲ್ಲಿ ಭಕ್ತರ ಪಾಲಿನ ನಷ್ಟ ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಹೆಚ್ಚು ಗಮನ ಕೊಟ್ಟು ಓದಬೇಕಾದದ್ದು ಮ್ಯಾನ್ಮಾರ್ ಗಡಿ. ನಾಗಾಲ್ಯಾಂಡ್‌ನ ಲೋಂಗ್ವಾ ಗ್ರಾಮದಲ್ಲಿ ಗಡಿರೇಖೆ ಊರ ಮುಖ್ಯಸ್ಥರಾದ ಆಂಗ್ ಅವರ ಮನೆಯ ಮೂಲಕವೇ ಹಾದುಹೋಗುತ್ತದೆ. ಇಂಥ ಊರುಗಳಿಗಾಗಿಯೇ ಎರಡೂ ಬದಿಗೆ 16 ಕಿ.ಮೀ. ಮುಕ್ತ ಓಡಾಟದ ವ್ಯವಸ್ಥೆಯಿತ್ತು. ಮಣಿಪುರದ ಹಿಂಸಾಚಾರದ ನಂತರ, 2024ರ ಫೆಬ್ರವರಿಯಲ್ಲಿ, ಅದನ್ನು ರದ್ದುಪಡಿಸುವುದಾಗಿ ಗೃಹ ಸಚಿವರು ಘೋಷಿಸಿದರು. ಮಿಜೋರಾಂ ಮತ್ತು ನಾಗಾಲ್ಯಾಂಡ್ ವಿಧಾನಸಭೆಗಳು ಇದನ್ನು ವಿರೋಧಿಸಿ ನಿರ್ಣಯ ಕೈಗೊಂಡವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮ ಓಡಾಟವನ್ನು ಪೂರ್ತಿ ನಿಲ್ಲಿಸದೆ 10 ಕಿ.ಮೀ.ಗೆ ಇಳಿಸಿ ಗಡಿ ಪಾಸ್ ಕಡ್ಡಾಯಗೊಳಿಸಿತು. ಆದರೆ ಮಿಜೋರಾಂನ ಜೋಖಾವ್ತಾರ್ ಎದುರಿಗಿರುವ ಮ್ಯಾನ್ಮಾರ್‌ನ ರಿಖಾವ್ದಾರ್ ಪಟ್ಟಣವನ್ನು ಅಲ್ಲಿನ ಚಿನ್ ಸಮುದಾಯದ ಸಶಸ್ತ್ರ ಗುಂಪುಗಳು 2023ರ ನವೆಂಬರ್‌ನಲ್ಲೇ ಆ ದೇಶದ ಸೇನಾ ಆಡಳಿತದ ಕೈಯಿಂದ ಕಸಿದುಕೊಂಡಿದ್ದವು. ಹೀಗಾಗಿ ಇಲ್ಲಿ ಗಡಿ ನಿಯಮಗಳನ್ನು ಜಾರಿಗೆ ತರಲು ಮ್ಯಾನ್ಮಾರ್ ರಾಜಧಾನಿ ನೇಪಿಡಾದ ಸರ್ಕಾರದೊಂದಿಗೆ ಮಾತಾಡಿದರಷ್ಟೇ ಸಾಲದು, ಗಡಿಯಾಚೆ ನಿಜವಾಗಿ ಕಾವಲು ನಿಂತಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.