ಗ್ಲಾಸರಿಯ ನಾಲಿಗೆ

ಮುಂಬಯಿಯ ಸಹಕಾರಿ ಬ್ಯಾಂಕಿನ ಮರಾಠಿ ಅರ್ಜಿಯಲ್ಲಿ ‘ವ್ಯಾಜ’ ಎಂದಿದ್ದರೆ ಬಡ್ಡಿ. ಊರಿಂದ ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಅದು ‘ವ್ಯಾಜ್ಯ’ದಂತೆ ಕೇಳಿಸಿ ಕೋರ್ಟು ನೆನಪಾಗುತ್ತದೆ. ‘ಮುದತ್ ಠೇವ್’ ಮಾತ್ರ ತೊಡಕಿಲ್ಲ, ನಮ್ಮ ಮುದ್ದತು ಠೇವಣಿಯೇ. ಹೀಗೆ ಒಂದು ಕಸುಬಿನ ಪದಗಳನ್ನಷ್ಟೇ ಆಯ್ದು, ಅಲ್ಲಿ ಸಲ್ಲುವ ಅರ್ಥವನ್ನಷ್ಟೇ ಕೊಡುವ ಪಟ್ಟಿ ಗ್ಲಾಸರಿ. ಕನ್ನಡದಲ್ಲಿ ಪಾರಿಭಾಷಿಕ ಪದಕೋಶ.

ಗ್ರೀಕಿನಲ್ಲಿ ‘ಗ್ಲೋಸ್ಸ’ ಎಂದರೆ ನಾಲಿಗೆ. ನಾಲಿಗೆ ನುಡಿಯಾಯಿತು, ನುಡಿ ಬರಬರುತ್ತ ‘ನಮ್ಮದಲ್ಲದ ಪದ’ವಾಯಿತು. ಅರಿಸ್ಟಾಟಲ್ ಕಾವ್ಯದ ಭಾಷೆಯನ್ನು ವಿವರಿಸುವಾಗ, ಬೇರೆ ಸೀಮೆಯವರು ಬಳಸುವ ಪದಕ್ಕೆ ಇದೇ ಹೆಸರು ಕೊಟ್ಟಿದ್ದಾನೆ. ಲ್ಯಾಟಿನ್ನಿಗೆ ಬಂದ ಮೇಲೆ ಅರ್ಥ ಇನ್ನೊಂದು ಹೆಜ್ಜೆ ಸರಿಯಿತು: ಕಠಿಣ ಪದದ ಹೆಸರು ಅದರ ವಿವರಣೆಗೂ ಅಂಟಿಕೊಂಡಿತು. ಮಧ್ಯಯುಗದ ಓದುಗರು ಹಸ್ತಪ್ರತಿಯ ಸಾಲುಗಳ ನಡುವೆ, ಅಂಚಿನಲ್ಲಿ ಅರ್ಥ ಗೀಚಿಡುತ್ತಿದ್ದರು. ಅವನ್ನು ಒಂದೆಡೆ ಕೂಡಿಸಿದ್ದೇ ‘ಗ್ಲೊಸ್ಸಾರಿಯಂ’. ತುಟಿಗೆ ಹಚ್ಚುವ ‘ಲಿಪ್ ಗ್ಲಾಸ್’ಗೂ ಇದಕ್ಕೂ ನಂಟಿಲ್ಲ.

ನಮ್ಮ ‘ನಿಘಂಟು’ವಿನ ಹುಟ್ಟೂ ಹೀಗೆಯೇ. ಅದು ಮೊದಲಿಗೆ ವೇದದ ಪದಗಳ ಪಟ್ಟಿ, ಐದು ಅಧ್ಯಾಯ. ಯಾಸ್ಕನ ನಿರುಕ್ತ ಅದಕ್ಕೆ ಬರೆದ ವ್ಯಾಖ್ಯಾನ. ಆಯುರ್ವೇದದವರು ಇಂದಿಗೂ ನಿಘಂಟು ಎನ್ನುವುದು ಮೂಲಿಕೆ, ದ್ರವ್ಯಗಳ ಗ್ರಂಥಕ್ಕೆ. ಭಾಷೆಯ ಎಲ್ಲ ಪದಗಳ ಕೋಶವನ್ನೂ ನಾವು ನಿಘಂಟು ಎನ್ನುತ್ತೇವಲ್ಲ, ಅದು ಹಿಗ್ಗಿದ ಅರ್ಥ. ಶಿವಾಜಿಯ ಕಾಲದ ‘ರಾಜ್ಯವ್ಯವಹಾರಕೋಶ’ ಕೂಡ ಒಂದೇ ಕಸುಬಿನ ಪಟ್ಟಿ, ಆಡಳಿತದ ಪಾರಸಿ ಪದಗಳಿಗೆ ಸಂಸ್ಕೃತದ ಸಾಟಿ ಹುಡುಕಿದ್ದು.

ಪದಕೋಶ ಕೆಡುವುದು ಹೆಚ್ಚಾಗಿ ಎರಡು ಪರಿಕಲ್ಪನೆಗೆ ಒಂದೇ ಪದ ಇಟ್ಟಾಗ. ಮರಾಠಿಯ ‘ತಾರಣ’ ಸಾಲಕ್ಕೆ ಇಟ್ಟ ಒತ್ತೆ. ‘ಜಾಮೀನದಾರ’ ಸಾಲಗಾರನ ಪರವಾಗಿ ಹೊಣೆ ಹೊತ್ತು ಸಹಿ ಹಾಕಿದವ. ಎರಡರ ಎದುರೂ ‘ಜಾಮೀನು’ ಎಂದು ಬರೆದರೆ, ಸಾಲ ತೀರದಿದ್ದಾಗ ಬ್ಯಾಂಕು ಒಡವೆಗೆ ಕೈಹಾಕುತ್ತದೋ ಮನುಷ್ಯನನ್ನು ಹಿಡಿಯುತ್ತದೋ ಓದುಗನಿಗೆ ತಿಳಿಯದು. ಮೊದಲನೆಯದಕ್ಕೆ ‘ಅಡವು’, ಎರಡನೆಯದಕ್ಕೆ ‘ಜಾಮೀನುದಾರ’ ಎಂದು ಗೊತ್ತುಮಾಡಿ ಕೊನೆಯ ಪುಟದವರೆಗೂ ಅದಕ್ಕೇ ಅಂಟಿಕೊಳ್ಳಬೇಕು. ಪ್ರತಿ ಪದದ ಮುಂದೆ ಅದು ಬಂದಿರುವ ಒಂದು ವಾಕ್ಯವನ್ನೂ ಬರೆದಿಡುವುದು ಲೇಸು. ಪದ ಸರಿಯಿದೆಯೇ ಎಂದು ಒರೆಗೆ ಹಚ್ಚಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ಇನ್ನು ಅಕಾರಾದಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ‘ಳ’ವನ್ನು ‘ಲ’ದ ಮಗ್ಗುಲಿಗೆ, ‘ವ’ಕ್ಕಿಂತ ಮೊದಲು ಕೂರಿಸಿದೆ; ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ಆಚೆ. ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶ ‘ಉಳಿತಾಯ’ವನ್ನು ‘ಉಸ್ತುವಾರಿ’ಗಿಂತ ಮೇಲೆ ತಳ್ಳುತ್ತದೆ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಹುಡುಕುವವನು ಅದನ್ನು ಕೆಳಗೆ ಹುಡುಕಿ, ಸಿಗದೆ, ಪದವೇ ಬಿಟ್ಟುಹೋಗಿದೆ ಎಂದುಕೊಳ್ಳುತ್ತಾನೆ. ‘ಳ’ ಇರುವ ಸಾಲುಗಳನ್ನು ಅಚ್ಚಿಗೆ ಮೊದಲು ಕಣ್ಣಿಟ್ಟು ನೋಡಿ, ಕೈಯಿಂದಲೇ ಇಳಿಸಬೇಕು.